ನರಹುಲಿಗೆ ವಿಟಮಿನ್ ಡಿ ಇಂಜೆಕ್ಷನ್: ಖರೆ ಎಷ್ಟು, ಸುಳ್ಳೆಷ್ಟು?

ರಾಯಚೂರು, ಸಿಂಧನೂರು ಕಡೆ ಗ್ರೂಪ್‌ಗಳಾಗ ಒಂದು ಮೆಸೇಜ್ ಓಡಾಡಕತ್ತೈತಿ, "ನರಹುಲಿ ಬರೋದು ವಿಟಮಿನ್ ಡಿ ಕಮ್ಮಿಯಾಗಿ, ಮೆಡಿಕಲ್‌ನಾಗ ಡಿ3 ಇಂಜೆಕ್ಷನ್ ತಗೊಂಡು ತೋಳಿಗೆ ಹಾಕಿಸ್ಕೊಳ್ರಿ, ಎಲ್ಲಾ ಉದುರ್ತಾವ" ಅಂತ.

ನರಹುಲಿ ಬರೋದು ಎಚ್‌ಪಿವಿ ಅನ್ನೋ ವೈರಸ್‌ನಿಂದ ರೀ, ವಿಟಮಿನ್ ಕೊರತೆಯಿಂದಲ್ಲ. ಹಂಗಂತ ಮೆಸೇಜ್ ಪೂರಾ ಗಾಳಿಮಾತೂ ಅಲ್ಲ. ಭಾರತ, ಈಜಿಪ್ಟ್‌ನ ಡಾಕ್ಟರ್‌ಗಳು ಡಿ3 ಇಂಜೆಕ್ಷನ್ ಟೆಸ್ಟ್ ಮಾಡ್ಯಾರ, ಆದ್ರ ಅದು ತೋಳಿಗಲ್ಲ, ನರಹುಲಿ ಬುಡಕ್ಕ. ಮೊದ್ಲು ಜೋಮು ಹಿಡಿಸೋ ಔಷಧ, ಆಮ್ಯಾಲ ಒಂದು ಎಂಎಲ್‌ಗೆ 6 ಲಕ್ಷ ಯೂನಿಟ್ ಇರೋ ಔಷಧದಾಗ ಬರೇ 0.2 ಎಂಎಲ್‌ನಷ್ಟು, ಕೆಲವು ವಾರಕ್ಕೊಮ್ಮೆ. ಅದರಿಂದ ದೇಹದ ರೋಗನಿರೋಧಕ ಶಕ್ತಿ ಎಚ್ಚರಾಗಿ ವೈರಸ್ ಮ್ಯಾಲ ಬೀಳ್ತೈತಿ ಅನ್ನೋದು ಅವರ ಅಂದಾಜು, ಯಾಕಂದ್ರ ಕೆಲವರಿಗೆ ಸೂಜಿ ಚುಚ್ಚದ ನರಹುಲಿನೂ ಹೋಗ್ಯಾವ. ನೋವು, ಬಾವು ಬರಬಹುದು. ಸ್ಟಡಿಗಳು ಭಾಳ ಮಾಡಿ ಸಣ್ಣವು, ಮತ್ತ ಮಕ್ಕಳಿಗೆ ಎಷ್ಟೋ ಸಲ ಒಂದೆರಡು ವರ್ಷದಾಗ ತಾವಾಗೇ ಹೋಗ್ತಾವ, ಹಂಗಾಗಿ ಹೋಗಿದ್ದೆಲ್ಲಾ ಇಂಜೆಕ್ಷನ್ನಿಂದನ ಅನ್ನಾಕ ಬರಂಗಿಲ್ಲ.

ನಂಗ ನಿಜವಾಗಿ ಹೆದರಿಕಿ ಇರೋದು ಬ್ಯಾರೆ. ಡಾಕ್ಟರಿಗೆ ಕೇಳದ ಇಡೀ 6 ಲಕ್ಷದ ಡೋಸ್ ಮ್ಯಾಲಿಂದ ಮ್ಯಾಲೆ ಹಾಕಿಸ್ಕೊಂಡ್ರ ರಕ್ತದಾಗ ಕ್ಯಾಲ್ಸಿಯಂ ಏರಿ ವಾಂತಿ, ಕಿಡ್ನಿಗೆ ಪೆಟ್ಟು.

ಕೈಕಾಲಿನ ನರಹುಲಿಗೆ ಮೊದ್ಲು ಸ್ಯಾಲಿಸಿಲಿಕ್ ಆಸಿಡ್ ಹಚ್ಚಿ ನೋಡ್ತಾರ. ಮುಖದ ಮ್ಯಾಲ ಇದ್ರ, ಶುಗರ್ ಇದ್ರ ಅದನ್ನೂ ಮನ್ಯಾಗ ಹಚ್ಚಬ್ಯಾಡ್ರಿ, ರಾಯಚೂರಿನ ರಿಮ್ಸ್ ಆಸ್ಪತ್ರೆಯ ಚರ್ಮದ ಓಪಿಡಿಗೆ ತೋರಿಸ್ರಿ.