ಬೆರಳಿಗೆ ಕರ್ಸರ್ ಇಲ್ಲವಲ್ಲ!

ಹಳೇ ಪಾಯಿಂಟ್ ಅಂಡ್ ಕ್ಲಿಕ್ ಗೇಮ್‌ಗಳನ್ನು (ಪರದೆಯಲ್ಲಿನ ವಸ್ತುಗಳನ್ನು ಮೌಸಿನಿಂದ ಕ್ಲಿಕ್ ಮಾಡುತ್ತಾ ಒಗಟು ಬಿಡಿಸೋ ಕಂಪ್ಯೂಟರ್ ಆಟಗಳು) ಮೊಬೈಲಿಗೆ ತರೋದು ಸುಲಭ, ಕ್ಲಿಕ್ ಬದಲು ಟ್ಯಾಪ್ ಅಷ್ಟೇ ಅಂತ ಒಂದು ಲೇಖನದಲ್ಲಿ ಓದಿದೆ. ಒಪ್ಪೋಕಾಗಲ್ಲ. ಮೌಸ್ ಹಿಡಿದು ನಾವು ಕ್ಲಿಕ್‌ಗಿಂತ ಹೆಚ್ಚು ಮಾಡ್ತಿದ್ದದ್ದು ಸುಮ್ಮನೆ ಕರ್ಸರ್ ಆಡಿಸೋದು. ಯಾವುದರ ಮೇಲೆ ಹೋದರೆ ಹೆಸರು ಮೂಡುತ್ತೆ ಅಂತ ಇಡೀ ಪರದೆ ಸವರುತ್ತಿದ್ದೆವು. ಬೆರಳಿಗೆ ಆ ಭಾಗ್ಯ ಇಲ್ಲ, ಮುಟ್ಟಿದರೆ ಮುಟ್ಟಿದ ಹಾಗೇ. ಸಾಲದ್ದಕ್ಕೆ 320×200 ಪಿಕ್ಸೆಲ್ ಚಿತ್ರದಲ್ಲಿ ಅಡಗಿಸಿಟ್ಟ ಪುಟ್ಟ ಕೀಲಿಕೈಯನ್ನು ಬೆರಳೇ ಮುಚ್ಚಿಬಿಡುತ್ತೆ.

ಹಾಗಂತ ಮುಟ್ಟಬಹುದಾದ ಜಾಗಗಳನ್ನೆಲ್ಲ ಮಿನುಗಿಸಿಟ್ಟರೆ ಹುಡುಕಾಟದ ಮಜಾನೇ ಹೋಯ್ತು. ಪರದೆಯನ್ನು ಒತ್ತಿ ಹಿಡಿದಾಗ ಮಾತ್ರ ಕಾಣಿಸಲಿ, ಬೇಡದವರು ಒತ್ತದೇ ಇರಲಿ.

ಇಂಥದ್ದೇ ಒಂದು ಆಟ, 1990ರ 'ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್', 2009ರಲ್ಲಿ ಹೊಸ ಚಿತ್ರ, ಹೊಸ ದನಿಗಳೊಂದಿಗೆ ಬಂದಾಗ, ಆಟದ ನಡುವೆಯೇ ಹಳೆಯ ರೂಪಕ್ಕೆ ಮರಳಬಹುದಿತ್ತು. ನನಗೆ ಸರಿ ಅನ್ನಿಸಿದ್ದು ಆ ದಾರಿ. (ನಾಯಕನ ಹೊಸ ಕೇಶವಿನ್ಯಾಸವನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.)

ಇನ್ನೊಂದು ಮಾತು. ಮೊಬೈಲಲ್ಲಿ ಆಡೋದು ಐದೈದು ನಿಮಿಷ. ಕರೆ ಬಂದ ಕ್ಷಣ ಆಟ ತಾನಾಗೇ ಸೇವ್ ಆಗಬೇಕು. ಮೂರು ದಿನ ಬಿಟ್ಟು ತೆರೆದರೆ ಯಾರ ಹತ್ತಿರ ಏನು ಕೇಳಿದ್ದೆ ಅನ್ನೋದೇ ಮರೆತಿರುತ್ತೆ, ಅದಕ್ಕೊಂದು ಚಿಕ್ಕ ಟಿಪ್ಪಣಿ ಪುಸ್ತಕ ಕೊಡಿ ಸಾಕು. ಒಗಟುಗಳಿಗೆ ಮಾತ್ರ ಕೈ ಹಚ್ಚಬೇಡಿ, ದಯವಿಟ್ಟು.