ಆಸ್ಪತ್ರೆಯಲ್ಲಿ ಮಡಿದ ಸೈನಿಕನ ಅಂತ್ಯಕ್ರಿಯೆ ಅಲ್ಲೇ ಆಗಬೇಕೆ?

ಪರ

1914ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದ ರಾಯಲ್ ಪೆವಿಲಿಯನ್ ಅರಮನೆ, ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರ ಕಾದಾಡಿದ ಭಾರತೀಯ ಗಾಯಾಳುಗಳ ಆಸ್ಪತ್ರೆಯಾಯಿತು. ಫ್ರಾನ್ಸಿನ ರಣಾಂಗಣದಿಂದ ಬಂದವರಲ್ಲಿ ಹೆಚ್ಚಿನವರು ಬದುಕಿದರು. ಬದುಕದವರನ್ನು ಏನು ಮಾಡಬೇಕಿತ್ತು? ಬೊಂಬಾಯಿಗೆ ಹಡಗಿನಲ್ಲಿ ವಾರಗಟ್ಟಲೆ ದಾರಿ. ಹೆಣವನ್ನು ಅಷ್ಟು ದಿನ ಸಂಸ್ಕಾರವಿಲ್ಲದೆ ಇಡುವುದನ್ನು ಯಾವ ಮನೆಯವರೂ ಒಪ್ಪುತ್ತಿರಲಿಲ್ಲ.

ಆಗ ನಡೆದದ್ದು ಸರಿಯೆಂದೇ ನನ್ನ ಮತ. ಬಯಲಲ್ಲಿ ಚಿತೆ ಹೊತ್ತಿಸುವ ರೂಢಿಯಿಲ್ಲದ ಆ ನಾಡಿನಲ್ಲಿ, ಊರಾಚೆ ಪ್ಯಾಚಮ್ ಗುಡ್ಡದ ಮೇಲೆ ದಹನಕ್ಕೆಂದೇ ಕಟ್ಟೆಗಳನ್ನು ಕಟ್ಟಿಸಿದರು. 53 ಹಿಂದೂ, ಸಿಖ್ ಸೈನಿಕರ ದಹನ ಅಲ್ಲಿ ಅವರವರ ಧರ್ಮದ ವಿಧಿಯಂತೆಯೇ ನಡೆಯಿತು. ಬೂದಿ ಕಡಲು ಸೇರಿತು. ಮುಸ್ಲಿಮರಿಗಾಗಿ ಇಂಗ್ಲೆಂಡಿನದೇ ವೋಕಿಂಗ್ ಪಟ್ಟಣದ ಮಸೀದಿಯ ಹತ್ತಿರ ಖಬರಸ್ತಾನವಾಯಿತು. ಜೊತೆಗೆ ಮಲಗಿದ್ದ ಗಾಯಾಳುಗಳಿಗೂ ಇದು ಬೇಕಿತ್ತು: ನಾಳೆ ನಾನು ಸತ್ತರೆ ಗತಿಯೇನು ಎಂದು ಯೋಚಿಸುತ್ತಿದ್ದವರು ಅವರು.

ಇನ್ನೊಂದು ನ್ಯಾಯವೂ ಇದರಲ್ಲಿದೆ. 1915ರಲ್ಲಿ ಬ್ರಿಟನ್ ತನ್ನವರ ದೇಹಗಳನ್ನೂ ಯುದ್ಧಭೂಮಿಯಿಂದ ತರಬಾರದೆಂದು ತಡೆಯಿತು. ಹಣವಂತರ ಮಗ ಮಾತ್ರ ಊರಿಗೆ ಮರಳುವುದು ಅದರಿಂದ ತಪ್ಪಿತು.

ವಿರೋಧ

ವಿಧಿಯೆಲ್ಲ ಸರಿಯಾಗಿಯೇ ನಡೆದಿರಬಹುದು. ಆದರೆ ಕೊಳ್ಳಿಯಿಟ್ಟವನು ಮಗನಲ್ಲ. ಪಂಜಾಬಿನ, ಗಢವಾಲದ ಮನೆಗಳಿಗೆ ತಲುಪಿದ್ದು ಸುದ್ದಿ ಮಾತ್ರ. ಆ ಆಸ್ಪತ್ರೆಯ ಉಪಚಾರದ ಹಿಂದೆ ಸೈನ್ಯದ ಭರ್ತಿ ನಿಲ್ಲಬಾರದೆಂಬ ಲೆಕ್ಕಾಚಾರವೂ ಇತ್ತೆಂಬುದನ್ನು ಮರೆಯಲಾಗದು.

1921ರಲ್ಲಿ ಬ್ರಿಟನ್ನಿನ ಯುವರಾಜ ಅದೇ ಗುಡ್ಡದ ಮೇಲೆ ಛತ್ರಿ ಸ್ಮಾರಕವನ್ನು ಅನಾವರಣ ಮಾಡಿದ. ಅದರ ಬರಹದಲ್ಲಿ ಚಕ್ರವರ್ತಿಯ ಉಲ್ಲೇಖವಿದೆ, ಸುಟ್ಟುಹೋದವರ ಹೆಸರಿಲ್ಲ. ಆ 53 ಹೆಸರುಗಳನ್ನು ಅಲ್ಲಿ ಕೆತ್ತಿದ್ದು 2010ರಲ್ಲಿ! ಅವರ ಹೆಂಡಿರು ಓದುವ ಮಾತೆಲ್ಲಿ ಬಂತು?

ದೂರವೊಂದೇ ಕಾರಣವೆಂದರೆ ನಾನು ಒಪ್ಪುವುದಿಲ್ಲ. ಅದೇ ಯುದ್ಧ ಮುಗಿದ ಮೇಲೆ ಅಮೆರಿಕ ತನ್ನ ಸೈನಿಕರ ಮನೆಯವರನ್ನು ಕೇಳಿತು. ಬೇಕೆಂದವರಿಗೆ ಸುಮಾರು 46,000 ದೇಹಗಳನ್ನು ಕಡಲು ದಾಟಿಸಿ ತಂದುಕೊಟ್ಟಿತು. ನಮ್ಮವರಿಗೆ ಚಿತಾಭಸ್ಮವನ್ನಾದರೂ ಕಳಿಸಬಹುದಿತ್ತು. ಗಂಗೆಗೆ ಬಿಡುವುದೋ ಕಡಲಿಗೋ ಎಂಬುದನ್ನು ತಾಯಿ ಹೇಳಬೇಕಿತ್ತು, ಆಸ್ಪತ್ರೆಯಲ್ಲ.

ಸ್ವತಂತ್ರ ಭಾರತವೂ ಬಹುಕಾಲ ಗಡಿಯ ಸಮೀಪದಲ್ಲೇ ಸಂಸ್ಕಾರ ಮುಗಿಸುತ್ತಿತ್ತು. 1999ರ ಕಾರ್ಗಿಲ್ ಯುದ್ಧದಲ್ಲಿ ದೇಹಗಳು ಊರೂರಿಗೆ ಬಂದವು. ಸಿಯಾಚಿನ್ ಹಿಮದಡಿ ಸಿಲುಕಿ, 2016ರ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಧಾರವಾಡ ಜಿಲ್ಲೆಯ ಬೆಟದೂರಿಗೇ ತಂದು, ತಮ್ಮ ಜನರ ನಡುವೆ ಮಣ್ಣು ಮಾಡಿದರು. ಬ್ರೈಟನ್ನಿನಲ್ಲಿ ಸತ್ತವರ ಮನೆಯವರಿಗೂ ಅಂಥ ಹಕ್ಕಿತ್ತು, ಅದನ್ನು ಕೊಡಲಿಲ್ಲ.