ಡಬ್ಬಿಯ ಬಿಯರನ್ನು ಹೀಯಾಳಿಸುವ ಮಹನೀಯರಿಗೆ

ನಿನ್ನೆ ರೆಡಿಂಗಿನ ಸ್ನೇಹಿತರೊಬ್ಬರ ಮನೆಯ ಊಟದಲ್ಲಿ ನಡೆದದ್ದನ್ನು ಬರೆಯದಿದ್ದರೆ ನನಗೆ ಇಂದು ರಾತ್ರಿಯೂ ನಿದ್ರೆ ಬರುವುದಿಲ್ಲ. ಇತ್ತೀಚೆಗಷ್ಟೇ ದಾವಣಗೆರೆಯಿಂದ ಇಂಗ್ಲೆಂಡಿಗೆ ಬಂದ ಹುಡುಗನೊಬ್ಬ, ತಾನು ಬಿಯರ್ ಕಿಟ್, ಅಂದರೆ ಮನೆಯಲ್ಲೇ ಬಿಯರ್ ಮಾಡಲು ಡಬ್ಬಿಯಲ್ಲಿ ಸಿಗುವ ಸಿದ್ಧ ಪಾಕ, ಕೊಂಡಿರುವುದಾಗಿಯೂ, ಹೇಗೆ ಶುರುಮಾಡಬೇಕೆಂದು ಯಾರಾದರೂ ಹೇಳಿಕೊಡಬೇಕೆಂದೂ ಸಂಕೋಚದಿಂದ ಕೇಳಿದ. ಗ್ಯಾರೇಜಿನ ತುಂಬ ಸ್ಟೀಲಿನ ಹಂಡೆ, ಪಂಪು, ಪೈಪುಗಳನ್ನು ಜೋಡಿಸಿಕೊಂಡಿರುವ ನಮ್ಮ ಬಳಗದ ಹಿರಿಯರೊಬ್ಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಡಬ್ಬಿ ಬಿಯರೇನಪ್ಪಾ? ಅದು ಪ್ಯಾಕೆಟ್ ಉಪ್ಪಿಟ್ಟು ಇದ್ದ ಹಾಗೆ, ಬಿಸಿನೀರು ಸುರಿದರೆ ಮುಗೀತು. ಮಾಡೋದಾದ್ರೆ ಬಾರ್ಲಿ ಕಾಳಿನಿಂದ ಮಾಡು, ಇಲ್ಲಾಂದ್ರೆ ಅಂಗಡೀಲಿ ಕೊಂಡು ಕುಡಿ" ಎಂದರು. ಎಲ್ಲರೂ ನಕ್ಕರು. ಹುಡುಗ ಮತ್ತೆ ಬಾಯಿ ತೆರೆಯಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿ ಬಕೆಟ್ಟಿಟ್ಟು ಬಿಯರ್ ಹುದುಗಿಸುವ ಸಂಸಾರ ನನ್ನದೂ ಇದೆ. ಊರಿನಿಂದ ಅಮ್ಮ ವಿಡಿಯೋ ಕರೆ ಮಾಡಿದಾಗ, ಫೋನು ಅಡುಗೆಮನೆಯ ಆ ಮೂಲೆಯ ಕಡೆಗೆ ತಿರುಗದಂತೆ ಈ ವಯಸ್ಸಿನಲ್ಲಿಯೂ ಎಚ್ಚರ ವಹಿಸುವವನು ನಾನು. ಆದ್ದರಿಂದ ಇದು ಹೊರಗಿನವನ ಮಾತಲ್ಲ.

ಆ ಡಬ್ಬಿಯಲ್ಲಿ ಇರುವುದಾದರೂ ಏನು? ಬಾರ್ಲಿಯನ್ನು ಮೊಳಕೆ ಬರಿಸಿ, ಒಣಗಿಸಿ, ಒಡೆದು, ಸುಮಾರು 65 ಡಿಗ್ರಿಯ ನೀರಿನಲ್ಲಿ ನೆನೆಸಿ, ಪಿಷ್ಟವೆಲ್ಲ ಸಕ್ಕರೆಯಾದ ಮೇಲೆ ಸೋಸಿ, ಹಾಪ್ಸ್ ಹೂವಿನ ಕಹಿ ಸೇರಿಸಿ, ನೀರಿನಂಶವನ್ನು ಆವಿಯಾಗಿಸಿ ತೆಗೆದ ಗಟ್ಟಿ ಪಾಕ. 1862ರಿಂದ ಬಿಯರ್ ತಯಾರಿಸುತ್ತಿರುವ ಆಸ್ಟ್ರೇಲಿಯಾದ ಕೂಪರ್ಸ್ ಸಂಸ್ಥೆಯ 1.7 ಕಿಲೋ ಡಬ್ಬಿ, ಸಕ್ಕರೆ ಸೇರಿಸಿಕೊಂಡರೆ, 23 ಲೀಟರ್ ಬಿಯರಿಗೆ ಸಾಕಾಗುತ್ತದೆ. ನಮ್ಮ ಹಿರಿಯರು ಗ್ಯಾರೇಜಿನಲ್ಲಿ ಇಡೀ ಶನಿವಾರ ಬೆವರು ಸುರಿಸಿ ಮಾಡುವ ಕೆಲಸವನ್ನು ಪಳಗಿದ ಕೈಗಳು ಮೊದಲೇ ಮಾಡಿಟ್ಟಿವೆ, ಅಷ್ಟೇ. ಅಲ್ಲಿಂದ ಮುಂದಿನ ಕೆಲಸ ಇಬ್ಬರಿಗೂ ಒಂದೇ: ಪಾತ್ರೆಯನ್ನು ಶುದ್ಧವಾಗಿಡುವುದು, ಸಕ್ಕರೆಯನ್ನು ಮದ್ಯವಾಗಿಸುವ ಯೀಸ್ಟನ್ನು ಹದವಾದ ತಂಪಿನಲ್ಲಿ ಸಾಕುವುದು ಮತ್ತು ಕಾಯುವುದು. ಬಿಯರ್ ಕೆಡುವುದು ಬಹುಪಾಲು ಇಲ್ಲಿಯೇ. ಕಾಳಿನಿಂದ ಮಾಡಿದವರ ಬಿಯರಿಗೆ ಇಲ್ಲೇನೂ ರಿಯಾಯಿತಿ ಸಿಗುವುದಿಲ್ಲ.

ಹೇಳಬಾರದೆಂದುಕೊಂಡಿದ್ದೆ, ಆದರೂ ಹೇಳಿಬಿಡುತ್ತೇನೆ. ನಿನ್ನೆ ಅದೇ ಹಿರಿಯರು ಹೆಮ್ಮೆಯಿಂದ ಹಂಚಿದ ಪೇಲ್ ಏಲ್ ಎಂಬ ಬಗೆಯ ಬಿಯರು ಬೆಣ್ಣೆ ಸವರಿದ ಪಾಪ್‌ಕಾರ್ನಿನ ಹಾಗೆ ಘಮಘಮಿಸುತ್ತಿತ್ತು. ಅದು ಡೈಅಸಿಟೈಲ್ ಎಂಬ ರಾಸಾಯನಿಕದ ವಾಸನೆ. ಹುದುಗುವಾಗ ಹುಟ್ಟುವ ಈ ವಾಸನೆಯನ್ನು, ಇನ್ನೆರಡು ದಿನ ಬಿಟ್ಟಿದ್ದರೆ, ಯೀಸ್ಟೇ ಹೀರಿಕೊಂಡು ಬಿಯರನ್ನು ಸರಿಪಡಿಸುತ್ತಿತ್ತು. ಅವಸರಪಟ್ಟು ತಣ್ಣಗೆ ಮಾಡಿ ಯೀಸ್ಟಿನಿಂದ ಬೇರ್ಪಡಿಸಿದರೆ ಹೀಗಾಗುತ್ತದೆ. ಸಾವಿರಾರು ಪೌಂಡಿನ ಹಂಡೆಗೆ ತಾಳ್ಮೆ ಉಚಿತವಾಗಿ ಬರುವುದಿಲ್ಲವಲ್ಲ!

ಆ ಹುಡುಗನಿಗೆ ಹೇಳಿಕೊಡಬೇಕಾಗಿದ್ದುದು ಇಂತಹ ವಿಷಯಗಳನ್ನು. ಪ್ಲಾಸ್ಟಿಕ್ ಬಕೆಟ್ಟನ್ನು ಸ್ಟೀಲಿನ ಉಜ್ಜುಗದಿಂದ ತಿಕ್ಕಬಾರದು, ಏಕೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರಿನಲ್ಲಿಯೂ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುತ್ತವೆ. ಬಕೆಟ್ಟಿನ ನಲ್ಲಿಯನ್ನು ಪ್ರತಿ ಸಲವೂ ಬಿಚ್ಚಿ ತೊಳೆಯಬೇಕು. ಹೊರಗಿನಿಂದ ಫಳಫಳ ಹೊಳೆಯುವ ನಲ್ಲಿಯನ್ನು ಬಿಚ್ಚಿ ಒಳಗೆ ನೋಡಿದರೆ, ಹಿಂದಿನ ಸಲದ ಬಿಯರು ಕಂದು ಲೋಳೆಯಾಗಿ ಅಂಟಿಕೊಂಡಿರುತ್ತದೆ. ಸೋಪಿನಿಂದ ತೊಳೆಯುವುದು ಒಂದು ಕೆಲಸ, ಅನಂತರ ಸ್ಯಾನಿಟೈಸರಿನಲ್ಲಿ ಅದ್ದುವುದು ಇನ್ನೊಂದು. ಮೊದಲನೆಯದು ಆಯಿತೆಂದು ಎರಡನೆಯದನ್ನು ಬಿಡುವಂತಿಲ್ಲ. ಪಾಕವನ್ನು ಬಿಸಿನೀರಿನಲ್ಲಿ ಕರಗಿಸಿದ ಮೇಲೆ ತಣ್ಣೀರು ಬೆರೆಸಿ, ಸುಮಾರು 20 ಡಿಗ್ರಿಗೆ ಇಳಿದ ನಂತರವೇ ಯೀಸ್ಟ್ ಉದುರಿಸಬೇಕು. ಹುದುಗುವಾಗ ಶಾಖ ತಾನಾಗಿಯೇ ಹುಟ್ಟುವುದರಿಂದ, ಚಳಿಗೆ ಹೆದರಿ ಬಕೆಟ್ಟನ್ನು ಹೀಟರಿನ ಪಕ್ಕದಲ್ಲಿಟ್ಟರೆ ತಲೆನೋವು ತರಿಸುವ, ಗಂಟಲು ಉರಿಸುವ ಬಿಯರು ಸಿದ್ಧವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಳದ ಏರ್‌ಲಾಕಿನಲ್ಲಿ (ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ನಳಿಗೆಯಲ್ಲಿ) ಗುಳ್ಳೆ ನಿಂತಿತೆಂದು ಬಾಟಲಿಗೆ ತುಂಬಬಾರದು. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟು ನೋಡಬೇಕು; ಸಕ್ಕರೆ ಮದ್ಯವಾದ ಹಾಗೆ ಅದರ ಅಂಕಿ ಇಳಿಯುತ್ತದೆ. ಆರಂಭದಲ್ಲಿ 1.040ರ ಆಸುಪಾಸಿನಲ್ಲಿದ್ದದ್ದು 1.010ರ ಹತ್ತಿರಕ್ಕೆ ಇಳಿದು, ಎರಡು ದಿನ ಅಲ್ಲಿಯೇ ನಿಂತರೆ ಕೆಲಸ ಮುಗಿಯಿತೆಂದು ಅರ್ಥ. ಅದಕ್ಕೂ ಮೊದಲೇ ಗಾಜಿನ ಬಾಟಲಿಗೆ ತುಂಬಿ, ಮೇಲೆ ನೊರೆಗೆಂದು ಸಕ್ಕರೆಯನ್ನೂ ಹಾಕಿದರೆ, ಅದು ಬಾಟಲಿಯಲ್ಲ, ಬಾಂಬು. ಮೊದಲ ಸಲ ಗಟ್ಟಿಯಾದ ಪ್ಲಾಸ್ಟಿಕ್ ಬಾಟಲಿಯೇ ಕ್ಷೇಮ. ಹಿಸುಕಿ ನೋಡಿದರೆ ಒಳಗಿನ ಒತ್ತಡ ಕೈಗೆ ತಿಳಿಯುತ್ತದೆ.

ಇಷ್ಟನ್ನು ಕಲಿಯುವುದಕ್ಕೆ ಕಿಟ್‌ಗಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂಬುದೇ ನನ್ನ ವಾದ. ಕಾಳಿನಿಂದ ಶುರುಮಾಡಿದವನ ಬಿಯರು ಕೆಟ್ಟರೆ, ತಪ್ಪು ನೆನೆಸಿದ್ದರಲ್ಲಿಯೋ, ಕುದಿಸಿದ್ದರಲ್ಲಿಯೋ, ಹುದುಗಿಸಿದ್ದರಲ್ಲಿಯೋ ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಕಿಟ್‌ನಲ್ಲಿ ಅನುಮಾನ ಪಡಬೇಕಾದ ಜಾಗಗಳು ಕಡಿಮೆ.

ಕಿಟ್ ಬಿಯರಿಗೆ ಒಂದು ಬಗೆಯ ಹುಳಿಮಿಶ್ರಿತ ಹಳಸಲು ರುಚಿ ಇರುತ್ತದೆಂಬ ಆಕ್ಷೇಪ ಕಮೆಂಟಿನಲ್ಲಿ ಬಂದೇ ಬರುತ್ತದೆಯೆಂದು ನನಗೆ ಗೊತ್ತು. ಇರುತ್ತದೆ, ವರ್ಷಗಟ್ಟಲೆ ಅಂಗಡಿಯ ಶೆಲ್ಫಿನಲ್ಲಿ ಕುಳಿತ ಡಬ್ಬಿಯನ್ನು ರಿಯಾಯಿತಿಯ ಆಸೆಗೆ ತಂದರೆ. ಡಬ್ಬಿಯ ತಳದಲ್ಲಿ ದಿನಾಂಕ ನೋಡಿ ಕೊಳ್ಳುವುದು, ಸೂಚನೆಯಲ್ಲಿ ಹೇಳಿದ ಒಂದು ಕಿಲೋ ಸಕ್ಕರೆಯ ಬದಲು ಮಾಲ್ಟ್ ಪುಡಿ (ಮೊಳಕೆ ಬಾರ್ಲಿಯ ಪಾಕವನ್ನು ಒಣಗಿಸಿದ ಪುಡಿ) ಹಾಕುವುದು, ಮುಚ್ಚಳದಡಿಯ ಪುಟ್ಟ ಯೀಸ್ಟ್ ಪೊಟ್ಟಣವನ್ನು ಬಿಟ್ಟು 11 ಗ್ರಾಮಿನ ಒಳ್ಳೆಯ ಯೀಸ್ಟ್ ಬಳಸುವುದು, ಇಷ್ಟು ಮಾಡಿದರೆ ಆ ಆಕ್ಷೇಪದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಉಳಿದದ್ದು ಬರಿಯ ಗತ್ತು.

ಈ ಗತ್ತಿನವರು ಇನ್ನೊಂದನ್ನು ಮರೆತಿದ್ದಾರೆ. ಈ ದೇಶದಲ್ಲಿ ಮನೆಯಲ್ಲಿ ಬಿಯರ್ ಮಾಡುವುದಕ್ಕೆ 1880ರಿಂದ ಲೈಸೆನ್ಸ್ ಬೇಕಾಗಿತ್ತು. 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದ ಮೇಲೆಯೇ ಸಾಮಾನ್ಯರ ಅಡುಗೆಮನೆಗೆ ಈ ಹವ್ಯಾಸ ಧಾರಾಳವಾಗಿ ಬಂದದ್ದು. ಅದನ್ನು ತಂದದ್ದು ಸ್ಟೀಲಿನ ಹಂಡೆಗಳಲ್ಲ, ಬೂಟ್ಸ್‌ನಂತಹ ಔಷಧದ ಅಂಗಡಿಯಲ್ಲಿಯೂ ಮಾರಾಟವಾಗುತ್ತಿದ್ದ ಇದೇ ಕಿಟ್‌ಗಳು.

ಹುಡುಗನಿಗೆ ಬೆಳಿಗ್ಗೆಯೇ ಫೋನು ಮಾಡಿ, ಬರುವ ಭಾನುವಾರ ಡಬ್ಬಿಯ ಸಮೇತ ನಮ್ಮ ಮನೆಗೆ ಬರಹೇಳಿದ್ದೇನೆ. ಬೆಂಗಳೂರಿನ ಗೆಳೆಯರು ಮಾತ್ರ "ಊರಿಗೆ ಬರುವಾಗ ನಮಗೂ ಒಂದು ಡಬ್ಬಿ ತಾ ಮಾರಾಯ" ಎಂದು ಇನ್‌ಬಾಕ್ಸಿಗೆ ಬರಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಕೆಟ್ಟು ಎಷ್ಟೇ ಶುದ್ಧವಾಗಿದ್ದರೂ.